ಒಂದು ರಿಜಿಸ್ಟರ್, ಹಲವು ಡ್ರೈವರ್: ಕರ್ನಲ್ ಕೆಲಸದಲ್ಲಿ ಗೆಲ್ಲುವ 12 ಸೂತ್ರಗಳು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೀರಾ? ಬಾದಾಮಿಯಿಂದ ದಿನಾ ರೈಲು ಹತ್ತಿ ಕಾಲೇಜಿಗೆ ಬರುತ್ತೀರಾ? ಇಳಕಲ್ಲಿನ ಮಗ್ಗದ ಮನೆಯಿಂದಲೋ ಹುನಗುಂದದ ಒಕ್ಕಲುತನದ ಮನೆಯಿಂದಲೋ ಹೊರಟು ಬೆಂಗಳೂರಿನ ಚಿಪ್ ಕಂಪನಿಯಲ್ಲಿ ಮೊದಲ ನೌಕರಿ ಹಿಡಿದಿದ್ದೀರಾ? ಹಾಗಾದರೆ ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ.

ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿ 1963ರಲ್ಲೇ ಶುರುವಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಇವೆರಡರ ನಡುವಿನ ದಾರಿ ಇವತ್ತು ಸವೆದ ದಾರಿ. ಆದರೆ ಆ ದಾರಿಯಲ್ಲಿ ಎಲ್ಲರೂ ಒಂದೇ ಸರಕು ಹೊತ್ತು ಹೋಗುತ್ತಾರೆ: ಸ್ವಲ್ಪ ಜಾವಾ, ಸ್ವಲ್ಪ ಪೈಥಾನ್, ಒಂದು ಪ್ರಾಜೆಕ್ಟ್ ರಿಪೋರ್ಟ್. ನೀವು ಬೇರೆ ಸರಕು ತನ್ನಿ.

ಆ ಬೇರೆ ಸರಕು ಇದು: ಲಿನಕ್ಸ್ ಕರ್ನಲ್ ಕಣ್ಣು ಬಿಡುವ ಮೊದಲ ಕ್ಷಣಗಳಲ್ಲಿ, ಹಲವು ಡಿವೈಸ್ ಡ್ರೈವರ್‌ಗಳು ಒಂದೇ ಹಾರ್ಡ್‌ವೇರ್ ರಿಜಿಸ್ಟರನ್ನು ಹೇಗೆ ಹಂಚಿಕೊಳ್ಳುತ್ತವೆ? ಪ್ರಶ್ನೆ ಚಿಕ್ಕದು. ಉತ್ತರದೊಳಗೆ ಒಡೆತನ, ಲಾಕ್, ಬೂಟ್ ಕ್ರಮ, ಡಿವೈಸ್ ಟ್ರೀ, ಡಿಬಗ್ಗಿಂಗ್ ಎಲ್ಲವೂ ಇವೆ. ಇದೊಂದನ್ನು ಪೂರ್ತಿ ಕಲಿತವರಿಗೆ ಕರ್ನಲ್ಲಿನ ಅರ್ಧ ಬಾಗಿಲು ತೆರೆದ ಹಾಗೆ. 12 ಸೂತ್ರ ಇಲ್ಲಿವೆ. ಕ್ರಮವಾಗಿ ಹೋಗಿ.

1. ಒಂದು ಚಿಪ್ ಆರಿಸಿ, ಅದನ್ನೇ ಅರೆದು ಕುಡಿಯಿರಿ

ಹತ್ತು ಚಿಪ್‌ಗಳ ಹೆಸರನ್ನು ರೆಸ್ಯೂಮೆಗೆ ತುಂಬಬೇಡಿ. ಒಂದನ್ನು ಹಿಡಿಯಿರಿ. 2013ರಲ್ಲಿ ಮಾರುಕಟ್ಟೆಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಶುರುವಾತಿಗೆ ಚೆನ್ನ. ಅದರಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಕುಟುಂಬದ ಚಿಪ್: 1 ಗಿಗಾಹರ್ಟ್ಜ್ ವೇಗದ ಒಂದೇ ಕಾರ್ಟೆಕ್ಸ್ ಎ8 ಕೋರ್, ಜೊತೆಗೆ ಬೋರ್ಡಿನ ಮೇಲೆ 512 ಎಂಬಿ ರ್‍ಯಾಮ್. ಚಿಪ್ಪಿನ ರೆಫರೆನ್ಸ್ ಮ್ಯಾನುಯಲ್ ಉಚಿತವಾಗಿ ಸಿಗುತ್ತದೆ. ಸಾವಿರಾರು ಪುಟ ಇದೆ ಎಂದು ಹೆದರಬೇಡಿ. ‘ಕಂಟ್ರೋಲ್ ಮಾಡ್ಯೂಲ್’ ಎಂಬ ಒಂದೇ ಅಧ್ಯಾಯ ತೆರೆಯಿರಿ.

ಅಲ್ಲಿ ಏನಿದೆ ನೋಡಿ. ಹೆಕ್ಸ್ 40ನೇ ಆಫ್‌ಸೆಟ್‌ನಲ್ಲಿ ಬೋರ್ಡಿನ ಕ್ರಿಸ್ಟಲ್ ಎಷ್ಟು ಮೆಗಾಹರ್ಟ್ಜ್ ಎಂದು ಹೇಳುವ ಎರಡು ಬಿಟ್. ಹೆಕ್ಸ್ 620ರಲ್ಲಿ ಯುಎಸ್‌ಬಿ ನಿಯಂತ್ರಣ. ಹೆಕ್ಸ್ 630ರಿಂದ ನೆಟ್‌ವರ್ಕ್‌ನ ಮ್ಯಾಕ್ ವಿಳಾಸಗಳು. ಹೆಕ್ಸ್ 650ರಲ್ಲಿ ಎರಡು ಈಥರ್ನೆಟ್ ಪೋರ್ಟ್‌ಗಳ ಮೋಡ್. ಹೆಕ್ಸ್ 800ರಿಂದ ಮುಂದೆ ಪಿನ್‌ಗಳ ಹಂಚಿಕೆ. ಕ್ಲಾಕ್, ಯುಎಸ್‌ಬಿ, ನೆಟ್‌ವರ್ಕ್, ಪಿನ್ ಕಂಟ್ರೋಲ್: ನಾಲ್ಕು ಸಬ್‌ಸಿಸ್ಟಂಗಳಿಗೆ ಬೇಕಾದದ್ದನ್ನೆಲ್ಲ ಚಿಪ್ ಮಾಡಿದವರು ಒಂದೇ ಬ್ಲಾಕಿನಲ್ಲಿ ತುರುಕಿದ್ದಾರೆ.

ಯಾಕೆ ಇದು ಮುಖ್ಯ? ಹಂಚಿಕೊಳ್ಳುವ ಸಮಸ್ಯೆ ಪುಸ್ತಕದಲ್ಲಿ ಹುಟ್ಟಿದ್ದಲ್ಲ, ಸಿಲಿಕಾನ್‌ನಲ್ಲೇ ಹುಟ್ಟಿದ್ದು. ಅದನ್ನು ನಿಜವಾದ ಆಫ್‌ಸೆಟ್ ಸಮೇತ ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ.

2. ‘ಇದರ ಒಡೆಯ ಯಾರು?’ ಎಂದು ಮೊದಲು ಕೇಳಿ

ಕೋಡ್ ಬರೆಯುವ ಮೊದಲೇ ಕೇಳಿ. ಸಾಮಾನ್ಯ ಡ್ರೈವರ್ ತನ್ನ ರಿಜಿಸ್ಟರ್ ಜಾಗವನ್ನು ಮ್ಯಾಪ್ ಮಾಡುವಾಗ ಜೊತೆಗೇ ಆ ಜಾಗವನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಎರಡನೆಯ ಡ್ರೈವರ್ ಅದೇ ಜಾಗ ಕೇಳಿದರೆ ಕರ್ನಲ್ ಒಪ್ಪುವುದಿಲ್ಲ. ಮೈನಸ್ 16, ಅಂದರೆ ‘ಬ್ಯುಸಿ’ ಎಂಬ ಎರರ್ ಕೊಟ್ಟು ಕಳಿಸುತ್ತದೆ. ಯಾವ ಜಾಗ ಯಾರ ಹೆಸರಿನಲ್ಲಿದೆ ಎಂದು ಪ್ರೊಕ್ ಫೈಲ್‌ಸಿಸ್ಟಂನ ‘ಐಓಮೆಮ್’ ಕಡತ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಅದು ಇದೆ. ರೂಟ್ ಆಗಿ ಈಗಲೇ ತೆರೆದು ನೋಡಿ.

ಇಲ್ಲಿ ಅನೇಕರು ಅಡ್ಡದಾರಿ ಹಿಡಿಯುತ್ತಾರೆ. ಹೆಸರು ಬರೆಸದೆ ಬರೀ ಮ್ಯಾಪ್ ಮಾಡಿಕೊಂಡರೆ ಎರರ್ ಬರುವುದಿಲ್ಲ. ಡೆಮೊ ಓಡುತ್ತದೆ, ಮ್ಯಾನೇಜರ್ ಖುಷಿ. ಆಮೇಲೆ ಗಿರಾಕಿಯ ಬೋರ್ಡಿನಲ್ಲಿ ಯಾವಾಗಲೋ ಒಮ್ಮೆ ನೆಟ್‌ವರ್ಕ್ ಏಳುವುದಿಲ್ಲ, ಯಾಕೆ ಎಂದು ಯಾರಿಗೂ ತಿಳಿಯುವುದಿಲ್ಲ.

ಎರರಿನ ಬಾಯಿ ಮುಚ್ಚಿಸಬೇಡಿ. ಒಡೆತನ ಸರಿಪಡಿಸಿ. ಕರ್ನಲ್ ಕೊಡುವ ‘ಬ್ಯುಸಿ’ ಎರರ್ ನಿಮ್ಮ ಡಿಸೈನಿಗೆ ಸಿಕ್ಕ ಉಚಿತ ರಿವ್ಯೂ.

3. ಸಿಸ್ಕಾನ್ ಮತ್ತು ರೆಗ್‌ಮ್ಯಾಪ್ ಕಲಿಯಿರಿ, ಹೊಸ ಚಕ್ರ ಮಾಡಲು ಹೋಗಬೇಡಿ

ಪರಿಹಾರ ಕರ್ನಲ್ಲಿನಲ್ಲಿ ಸಿದ್ಧ ಇದೆ. 2011ರಲ್ಲಿ ರೆಗ್‌ಮ್ಯಾಪ್ ಬಂತು: ರಿಜಿಸ್ಟರ್ ಓದುವುದು, ಬರೆಯುವುದು, ಲಾಕ್ ಹಿಡಿಯುವುದು ಎಲ್ಲವನ್ನೂ ಒಂದೇ ಸೂರಿನಡಿ ತಂದ ಲೇಯರ್. 2012ರಲ್ಲಿ ಅದರ ಮೇಲೆ ಸಿಸ್ಕಾನ್ ಬಂತು. ಸಿಸ್ಟಂ ಕಂಟ್ರೋಲರ್ ಎಂಬುದರ ಚುಟುಕು ಹೆಸರು. ಅದರ ಮೊದಲ ಬಳಕೆದಾರರಲ್ಲಿ ಫ್ರೀಸ್ಕೇಲ್ ಕಂಪನಿಯ ಐ.ಎಂಎಕ್ಸ್6 ಚಿಪ್ ಇತ್ತು. ಅದರಲ್ಲೂ ಅದೇ ತೊಂದರೆ: ಯಾರಿಗೂ ಪೂರ್ತಿ ಸೇರದ, ಎಲ್ಲರಿಗೂ ಚೂರು ಚೂರು ಬೇಕಾದ ರಿಜಿಸ್ಟರ್‌ಗಳು.

ಕೆಲಸ ಹೀಗೆ ನಡೆಯುತ್ತದೆ. ಡಿವೈಸ್ ಟ್ರೀಯಲ್ಲಿ, ಅಂದರೆ ಹಾರ್ಡ್‌ವೇರನ್ನು ಕರ್ನಲ್ಲಿಗೆ ವಿವರಿಸುವ ಕಡತದಲ್ಲಿ, ಆ ಬ್ಲಾಕಿನ ನೋಡಿಗೆ ‘ಸಿಸ್ಕಾನ್’ ಎಂಬ ಗುರುತು ಹಾಕುತ್ತೀರಿ. ರಿಜಿಸ್ಟರ್ ಬೇಕಾದ ಡ್ರೈವರ್ ‘ಈ ನೋಡಿನ ರೆಗ್‌ಮ್ಯಾಪ್ ಕೊಡು’ ಎಂದು ಕೇಳುತ್ತದೆ. ಎಷ್ಟು ಡ್ರೈವರ್ ಕೇಳಿದರೂ ಕರ್ನಲ್ ಕೊಡುವುದು ಅದೇ ಒಂದು ರೆಗ್‌ಮ್ಯಾಪ್. ಒಂದೇ ರೆಗ್‌ಮ್ಯಾಪ್ ಎಂದರೆ ಒಂದೇ ಲಾಕ್. ಎಲ್ಲ ಭದ್ರತೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ಸ್ವಂತ ಗ್ಲೋಬಲ್ ವೇರಿಯಬಲ್, ಸ್ವಂತ ಮ್ಯೂಟೆಕ್ಸ್, ಎಕ್ಸ್‌ಪೋರ್ಟ್ ಮಾಡಿದ ಫಂಕ್ಷನ್: ಇವನ್ನು ಕಟ್ಟಲು ಹೋಗಬೇಡಿ. ಹತ್ತು ವರ್ಷ ಮೀರಿ ನೂರಾರು ಬೋರ್ಡ್‌ಗಳಲ್ಲಿ ಓಡಿದ ಕೋಡ್ ನಿಮ್ಮ ಒಂದು ವಾರದ ಕೋಡ್‌ಗಿಂತ ಗಟ್ಟಿ.

4. ನಿಮ್ಮ ಬಿಟ್ ಮಾತ್ರ ಮುಟ್ಟಿ

ಇದು ಇಡೀ ಬರಹದ ಜೀವಾಳ. ಕಾಗದ ತೆಗೆದುಕೊಳ್ಳಿ, ನನ್ನ ಜೊತೆ ಬರೆಯಿರಿ.

ಹೆಕ್ಸ್ 650ರ ರಿಜಿಸ್ಟರ್ ನೋಡಿ. ಬಿಟ್ 0 ಮತ್ತು 1 ಮೊದಲ ಈಥರ್ನೆಟ್ ಪೋರ್ಟಿನ ಮೋಡ್. ಬಿಟ್ 2 ಮತ್ತು 3 ಎರಡನೆಯ ಪೋರ್ಟಿನ ಮೋಡ್. ಆರ್‌ಜಿಎಂಐಐ ಮೋಡ್ ಬೇಕಾದರೆ ಆ ಎರಡು ಬಿಟ್‌ಗಳಲ್ಲಿ 10 ಎಂದು ಬರೆಯಬೇಕು. ಶುರುವಿಗೆ ಕೆಳಗಿನ ನಾಲ್ಕು ಬಿಟ್ 0000.

ಮೊದಲ ಪೋರ್ಟಿನ ಕೋಡ್ ಓದುತ್ತದೆ: 0000. ಬರೆಯುವ ಮೊದಲೇ ಅದನ್ನು ತಡೆದು ಎರಡನೆಯ ಪೋರ್ಟಿನ ಕೋಡ್ ಓಡುತ್ತದೆ. ಅದೂ ಓದುವುದು 0000. ತನ್ನ ಬಿಟ್ ಸೇರಿಸಿ 1000 ಬರೆಯುತ್ತದೆ. ಈಗ ಮೊದಲನೆಯದು ಮತ್ತೆ ಓಡುತ್ತದೆ. ಅದರ ಕೈಯಲ್ಲಿರುವುದು ಹಳೆಯ 0000. ತನ್ನ ಬಿಟ್ ಸೇರಿಸಿ 0010 ಬರೆಯುತ್ತದೆ. ಇರಬೇಕಾದದ್ದು 1010, ಉಳಿದದ್ದು 0010. ಎರಡನೆಯ ಪೋರ್ಟ್ ಸತ್ತಿತು. ಯಾವ ಎರರ್ ಇಲ್ಲ, ಯಾವ ಲಾಗ್ ಇಲ್ಲ.

ಈ ಚಿಪ್ಪಿನಲ್ಲಿ ಒಂದೇ ಕೋರ್ ಇದೆ, ಹಾಗಾಗಿ ಇಂಥ ರೇಸ್ ಆಗುವುದಿಲ್ಲ ಎಂದುಕೊಂಡಿರಾ? ತಪ್ಪು. ಇಂಟರಪ್ಟ್ ಬಂದರೆ ಸಾಕು, ಪ್ರಿಎಂಪ್ಷನ್ ಆದರೆ ಸಾಕು.

ಮದ್ದು: ‘ರೆಗ್‌ಮ್ಯಾಪ್ ಅಪ್‌ಡೇಟ್ ಬಿಟ್ಸ್’ ಫಂಕ್ಷನ್ ಬಳಸಿ. ಯಾವ ಬಿಟ್‌ಗಳು ನಿಮ್ಮವು ಎಂದು ಮಾಸ್ಕ್ ಕೊಡಿ, ಏನು ಬೇಕು ಎಂದು ಬೆಲೆ ಕೊಡಿ. ಓದುವುದು, ಬದಲಿಸುವುದು, ಬರೆಯುವುದು ಮೂರೂ ಒಂದೇ ಲಾಕಿನೊಳಗೆ ನಡೆಯುತ್ತವೆ. ಮೆಮೊರಿ ಮ್ಯಾಪ್ ಆದ ರಿಜಿಸ್ಟರ್‌ಗಳಿಗೆ ರೆಗ್‌ಮ್ಯಾಪ್ ಹಿಡಿಯುವುದು ಇಂಟರಪ್ಟ್ ತಡೆಯುವ ಸ್ಪಿನ್‌ಲಾಕ್. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್‌ನಿಂದಲೂ ಧೈರ್ಯವಾಗಿ ಕರೆಯಬಹುದು.

ಒಂದು ಎಚ್ಚರ. ಲಾಕ್ ಕಾಯುವುದು ರೆಗ್‌ಮ್ಯಾಪ್ ಮೂಲಕ ಬಂದವರನ್ನು ಮಾತ್ರ. ಒಬ್ಬನೇ ಒಬ್ಬ ನೇರವಾಗಿ ವಿಳಾಸಕ್ಕೆ ಬರೆದರೂ ಎಲ್ಲರ ಶ್ರಮ ನೀರುಪಾಲು. ರಿವ್ಯೂ ಮಾಡುವಾಗ ಅವನನ್ನೇ ಹುಡುಕಿ.

5. ಬೂಟ್ ಕ್ರಮ ಬಾಯಿಪಾಠ ಮಾಡಿ

ಹೌದು, ಮಗ್ಗಿಯ ಹಾಗೆ. ‘ಸ್ಟಾರ್ಟ್ ಕರ್ನಲ್’ ಫಂಕ್ಷನ್ ತೆರೆದು ಮೇಲಿನಿಂದ ಕೆಳಗೆ ಓದಿ. ಮೊದಲು ಆರ್ಕಿಟೆಕ್ಚರ್ ಸೆಟಪ್. ಡಿವೈಸ್ ಟ್ರೀ ಬಿಚ್ಚಿಕೊಳ್ಳುವುದು ಇಲ್ಲಿ. ಆಮೇಲೆ ಮೆಮೊರಿ ಅಲೊಕೇಟರ್. ಆಮೇಲೆ ಇಂಟರಪ್ಟ್ ಕಂಟ್ರೋಲರ್. ಆಮೇಲೆ ಟೈಮ್ ಇನಿಟ್. ಕ್ಲಾಕ್‌ಗಳು, ಟೈಮರ್‌ಗಳು ಎದ್ದು ನಿಲ್ಲುವುದು ಇಲ್ಲಿ. ಇದೆಲ್ಲ ಮುಗಿದ ಮೇಲೆ ಮೊದಲ ಕರ್ನಲ್ ಥ್ರೆಡ್ ಹುಟ್ಟುತ್ತದೆ, ಉಳಿದ ಸಿಪಿಯುಗಳು ಏಳುತ್ತವೆ, ಡ್ರೈವರ್ ಮಾಡೆಲ್ ಸಿದ್ಧವಾಗುತ್ತದೆ. ಕೊನೆಗೆ ಇನಿಟ್‌ಕಾಲ್‌ಗಳ, ಅಂದರೆ ಶುರುವಿನಲ್ಲಿ ಓಡಬೇಕಾದ ಫಂಕ್ಷನ್‌ಗಳ ಸಾಲು: ಪ್ಯೂರ್, ಕೋರ್, ಪೋಸ್ಟ್‌ಕೋರ್, ಆರ್ಚ್, ಸಬ್‌ಸಿಸ್, ಎಫ್‌ಎಸ್, ಡಿವೈಸ್, ಲೇಟ್.

ಸಿಸ್ಕಾನ್ ಮೊದಲು ಬಂದಾಗ ಅದರ ಪ್ಲಾಟ್‌ಫಾರ್ಮ್ ಡ್ರೈವರ್ ನೋಂದಣಿಯಾಗುತ್ತಿದ್ದದ್ದು ಪೋಸ್ಟ್‌ಕೋರ್ ಹಂತದಲ್ಲಿ. ಕ್ಲಾಕ್‌ಗಳಿಗೆ ರಿಜಿಸ್ಟರ್ ಬೇಕಾಗುವುದು ಟೈಮ್ ಇನಿಟ್‌ನಲ್ಲಿ, ಅಂದರೆ ಅದಕ್ಕಿಂತ ಎಷ್ಟೋ ಮೊದಲು. ಸಮಸ್ಯೆ ಎಲ್ಲಿತ್ತು ಎಂದು ಈಗ ನಿಮಗೇ ಕಾಣಿಸಿತು. ಕ್ರಮ ಗೊತ್ತಿದ್ದವನಿಗೆ ಬಗ್ ಹುಡುಕಲು ಜಾಗ ಕಮ್ಮಿ. ಗೊತ್ತಿಲ್ಲದವನಿಗೆ ಇಡೀ ಕರ್ನಲ್ಲೇ ಬಯಲು.

ಇನ್ನೊಂದು ಮಾತು. ಈ ಮೊದಲ ಹಂತದಲ್ಲಿ ಒಂದೇ ಸಿಪಿಯು ಓಡುತ್ತಿರುತ್ತದೆ, ಇಂಟರಪ್ಟ್‌ಗಳು ಇನ್ನೂ ಬಂದ್ ಇರುತ್ತವೆ. ಹಾಗಾಗಿ ಲಾಕ್ ಇಲ್ಲದ ಕೋಡ್ ಕೂಡ ಇಲ್ಲಿ ಸರಿಯಾಗಿ ಓಡುತ್ತದೆ. ಅದನ್ನು ನಂಬಬೇಡಿ. ಆಗ ಇಟ್ಟುಕೊಂಡ ನೇರ ಪಾಯಿಂಟರನ್ನೇ ಆಮೇಲೂ ಬಳಸಿದರೆ ನಾಲ್ಕನೇ ಸೂತ್ರದ ಅವಾಂತರ ಗ್ಯಾರಂಟಿ.

6. ‘ಅವನು ಇನ್ನೂ ಬಂದಿಲ್ಲ’ ಎಂದು ಕಾಯುತ್ತ ಕೂರಬೇಡಿ

2012ರ ಸಿಸ್ಕಾನ್‌ನಲ್ಲಿ ಒಂದು ಕೊರತೆ ಇತ್ತು. ಪ್ಲಾಟ್‌ಫಾರ್ಮ್ ಡಿವೈಸ್ ಹುಟ್ಟಿ, ಡ್ರೈವರ್ ಅಂಟಿಕೊಂಡ ಮೇಲೆಯೇ ರೆಗ್‌ಮ್ಯಾಪ್ ಸಿಗುತ್ತಿತ್ತು. ಬೂಟ್‌ನ ಮೊದಲ ಹಂತದಲ್ಲಿ ಕೇಳಿದವನಿಗೆ ಬರಿಗೈ. ಒಂದೇ ಬ್ಲಾಕಿಗೆ ತನ್ನದೇ ಡ್ರೈವರೂ ಬೇಕು, ಉಳಿದವರಿಗೂ ರಿಜಿಸ್ಟರ್ ಸಿಗಬೇಕು ಎಂದರೂ ಆಗುತ್ತಿರಲಿಲ್ಲ. ಸ್ಯಾಮ್‌ಸಂಗ್‌ನ ಎಕ್ಸಿನಾಸ್ ಚಿಪ್‌ಗಳ ಪವರ್ ನಿಯಂತ್ರಣದ ಬ್ಲಾಕಿಗೆ ಬೇಕಾಗಿದ್ದದ್ದು ಇದೇ.

2014ರಲ್ಲಿ ಇದಕ್ಕೆ ಪ್ಯಾಚ್ ಬಂತು. ಸಿಸ್ಕಾನನ್ನು ಪ್ಲಾಟ್‌ಫಾರ್ಮ್ ಡಿವೈಸ್‌ನಿಂದ ಬಿಡಿಸಿದರು. ಅಲ್ಲಿಂದ ಮುಂದೆ ಯಾರು ಮೊದಲು ಕೇಳುತ್ತಾರೋ ಅವರ ಕರೆಗೇ ರೆಗ್‌ಮ್ಯಾಪ್ ಹುಟ್ಟುತ್ತದೆ. ಕರ್ನಲ್ ಅದನ್ನೊಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಕೇಳಿದವರಿಗೆಲ್ಲ ಪಟ್ಟಿಯಿಂದ ಅದನ್ನೇ ತೆಗೆದು ಕೊಡುತ್ತದೆ. ಬೇಕಾದದ್ದು ಎರಡೇ: ಡಿವೈಸ್ ಟ್ರೀ ಬಿಚ್ಚಿಕೊಂಡಿರಬೇಕು, ಮೆಮೊರಿ ಅಲೊಕೇಟರ್ ಎದ್ದಿರಬೇಕು. ಟೈಮ್ ಇನಿಟ್ ಹೊತ್ತಿಗೆ ಎರಡೂ ಸಿದ್ಧ.

ನಮ್ಮ ಎಎಂ335ಎಕ್ಸ್‌ನಲ್ಲಿ ಇದನ್ನು ಹತ್ತಿರದಿಂದ ನೋಡಿ. ಕ್ರಿಸ್ಟಲ್ ಎಷ್ಟು? 19.2, 24, 25, 26 ಮೆಗಾಹರ್ಟ್ಜ್‌ಗಳಲ್ಲಿ ಒಂದು. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ 24. ಯಾವುದು ಎಂದು ಹೇಳುವುದು ಹೆಕ್ಸ್ 40ರ ಬಿಟ್ 22 ಮತ್ತು 23. ಕ್ಲಾಕ್ ಕೋಡ್ ಇದನ್ನು ಟೈಮರ್ ಏಳುವ ಮೊದಲೇ ಓದಬೇಕು. ತಪ್ಪು ಓದಿದರೆ ಕರ್ನಲ್ಲಿನ ಪ್ರತಿ ಸೆಕೆಂಡೂ ತಪ್ಪು. ಆಮೇಲೆ ಎಷ್ಟೋ ಹೊತ್ತಿಗೆ ನೆಟ್‌ವರ್ಕ್ ಡ್ರೈವರ್ ಬಂದು ಅದೇ ಬ್ಲಾಕಿನಿಂದ ಮ್ಯಾಕ್ ವಿಳಾಸ ಓದುತ್ತದೆ.

ಇಳಕಲ್ಲಿನವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸದೆ ಸೆರಗು ನೇಯಲು ಬರುವುದಿಲ್ಲ. ಕೊಂಡಿ ಮೊದಲು, ನೇಯ್ಗೆ ಆಮೇಲೆ. ರೆಗ್‌ಮ್ಯಾಪ್ ಕೂಡ ಅಂಥ ಕೊಂಡಿ: ಬೇರೆ ಬೇರೆ ಡ್ರೈವರ್‌ಗಳು ಕೂಡುವ ಜಾಗ, ಕೆಲಸಕ್ಕಿಂತ ಮೊದಲೇ ಬಿದ್ದಿರಬೇಕಾದದ್ದು.

ನಿಮ್ಮ ಕೆಲಸಕ್ಕೂ ಇದೇ ಪಾಠ. ಮೇಲಿನವರು ಬಂದು ವ್ಯವಸ್ಥೆ ಮಾಡಲಿ ಎಂದು ಕಾಯಬೇಡಿ. ಮೊದಲು ಬೇಕಾದವರು ನೀವಾದರೆ ಮೊದಲು ಕಟ್ಟುವವರೂ ನೀವೇ ಆಗಿ; ಉಳಿದವರು ಬಳಸುವ ಹಾಗೆ ಕಟ್ಟಿ.

7. ಸುತ್ತು ಬಿದ್ದಾಗ ಒಂದು ಎಳೆ ಕತ್ತರಿಸಿ

ಸಿಸ್ಕಾನ್ ಬ್ಲಾಕಿಗೇ ಕ್ಲಾಕ್ ಬೇಕು. ಕ್ಲಾಕ್ ಡ್ರೈವರಿಗೆ ಆ ಸಿಸ್ಕಾನ್ ಬೇಕು. ಯಾರು ಮೊದಲು? ಮಾಮೂಲಿ ಕರೆ ರೆಗ್‌ಮ್ಯಾಪ್ ಕೊಡುವಾಗ ಆ ನೋಡಿನ ಕ್ಲಾಕನ್ನೂ ಜೋಡಿಸಲು ನೋಡುತ್ತದೆ. ಕ್ಲಾಕ್ ಇನ್ನೂ ಹುಟ್ಟಿಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಂಜೆನಿಕ್ ಕಂಪನಿಯ ಚಿಪ್‌ಗಳಲ್ಲಿ ಟೈಮರ್, ಪಿಡಬ್ಲ್ಯುಎಂ, ವಾಚ್‌ಡಾಗ್ ಮೂರೂ ಒಂದೇ ಟೈಮರ್-ಕೌಂಟರ್ ಬ್ಲಾಕಿನಲ್ಲಿವೆ. ಅವುಗಳ ಕ್ಲಾಕ್ ಆಯ್ಕೆಯೂ ಅಲ್ಲೇ. ಈ ಚಿಪ್‌ಗಳಿಗಾಗಿಯೇ 2019ರಲ್ಲಿ ‘ಡಿವೈಸ್ ನೋಡ್ ಟು ರೆಗ್‌ಮ್ಯಾಪ್’ ಎಂಬ ಕರೆ ಸೇರಿಸಿದರು. ಅದು ಕ್ಲಾಕ್ ಗೊಡವೆಗೆ ಹೋಗದೆ ಬರೀ ರೆಗ್‌ಮ್ಯಾಪ್ ಕೊಡುತ್ತದೆ. ಒಂದು ಎಳೆ ಕತ್ತರಿಸಿದರು, ಸುತ್ತು ಬಿಚ್ಚಿತು.

ಅವಲಂಬನೆಗಳ ಚಿತ್ರ ಬರೆಯಿರಿ. ಬಾಣದ ಗುರುತು ಸುತ್ತಿ ಬಂದು ಹೊರಟಲ್ಲಿಗೇ ತಲುಪಿದರೆ, ಯಾವ ಬಾಣ ಈ ಹಂತದಲ್ಲಿ ನಿಜವಾಗಿ ಬೇಡ ಎಂದು ಹುಡುಕಿ. ಒಂದು ಸಿಕ್ಕೇ ಸಿಗುತ್ತದೆ.

8. ಬೇಗ ಬೇಕಾದದ್ದನ್ನಷ್ಟೇ ಬೇಗ ಮಾಡಿ

ಡ್ರೈವರ್ ಮಾಡೆಲ್ ಎದ್ದ ಮೇಲೆ ಕರ್ನಲ್ ಉದಾರಿ. ಬೇಕಾದ ಕ್ಲಾಕ್ ಇನ್ನೂ ಬಂದಿಲ್ಲವೇ? ‘ಪ್ರೋಬ್ ಡಿಫರ್’ ಎಂದು ಮೈನಸ್ 517 ಹಿಂದಿರುಗಿಸಿ. ಕರ್ನಲ್ ಆಮೇಲೆ ಮತ್ತೆ ಕರೆಯುತ್ತದೆ. ಈ ಸೌಲಭ್ಯ ಬಂದದ್ದು 2012ರಲ್ಲಿ. ಆದರೆ ಬೂಟ್‌ನ ಮೊದಲ ಹಂತದಲ್ಲಿ ಆ ಉದಾರತೆ ಇಲ್ಲ. ಅಲ್ಲಿ ಟೈಮರ್ ಡ್ರೈವರ್ ‘ಆಮೇಲೆ ಬರುತ್ತೇನೆ’ ಎಂದರೆ ಅದನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಹಾಗಾಗಿ ಕೆಲಸ ಎರಡು ಭಾಗ ಮಾಡಿ. ಟೈಮರಿಗೆ ಬೇಕಾದ ಎರಡು ಮೂರು ಕ್ಲಾಕ್ ಮಾತ್ರ ಮೊದಲ ಹಂತದಲ್ಲಿ. ಉಳಿದದ್ದೆಲ್ಲ ಮಾಮೂಲಿ ಪ್ಲಾಟ್‌ಫಾರ್ಮ್ ಡ್ರೈವರ್ ಆಗಿ ಆಮೇಲೆ. ಕ್ಲಾಕ್ ಫ್ರೇಮ್‌ವರ್ಕ್‌ನಲ್ಲಿ ಹೀಗೆ ಇಬ್ಭಾಗ ಮಾಡಲೆಂದೇ ಬೇರೆ ಮ್ಯಾಕ್ರೊ ಇದೆ.

ಎಲ್ಲವನ್ನೂ ಮೊದಲ ಹಂತಕ್ಕೆ ಎಳೆದು ತರುವುದು ಚುರುಕುತನ ಅಲ್ಲ, ಗಾಬರಿ. ಅಲ್ಲಿ ಕೆಟ್ಟರೆ ಲಾಗ್ ಕೂಡ ಕಾಣದೆ ಬೋರ್ಡ್ ನಿಂತುಬಿಡುತ್ತದೆ.

9. ಡಿವೈಸ್ ಟ್ರೀಯನ್ನು ಕರಾರುಪತ್ರದ ಹಾಗೆ ಅಲ್ಲ, ಕರಾರುಪತ್ರವೆಂದೇ ಬರೆಯಿರಿ

ನೋಡಿಗೆ ಬರೀ ‘ಸಿಸ್ಕಾನ್’ ಎಂದು ಹೆಸರು ಕೊಟ್ಟರೆ ಮೇಂಟೇನರ್‌ಗಳು ಒಪ್ಪುವುದಿಲ್ಲ. ಮೊದಲು ಆ ಚಿಪ್ಪಿನದೇ ಆದ ನಿಖರ ಹೆಸರು, ಪಕ್ಕದಲ್ಲಿ ‘ಸಿಸ್ಕಾನ್’. ಕಾರಣ ಸರಳ: ನಾಳೆ ಅದೇ ಬ್ಲಾಕಿಗೆ ಪ್ರತ್ಯೇಕ ಡ್ರೈವರ್ ಬರೆಯಬೇಕಾಗಬಹುದು, ಆಗ ಅಂಟಿಕೊಳ್ಳಲು ಹೆಸರು ಬೇಕು. ರಿಜಿಸ್ಟರ್ ಬೇಕಾದ ನೋಡಿನಿಂದ ಸಿಸ್ಕಾನ್ ನೋಡಿಗೆ ಕೈ ತೋರಿಸುವ ಫ್ಯಾಂಡಲ್ ಕೊಡಿ. ಕೊನೆಗೆ ‘ಡಿಟಿಬಿಎಸ್ ಚೆಕ್’ ಓಡಿಸಿ, ಬಂದ ಪ್ರತಿ ವಾರ್ನಿಂಗ್ ತೆಗೆಯಿರಿ.

ಇಂದು ಬರೆದ ಡಿವೈಸ್ ಟ್ರೀ ಮುಂದಿನ ಕರ್ನಲ್‌ಗಳಲ್ಲೂ ನಡೆಯಬೇಕು. ಹೊಂದಾಣಿಕೆ ಮುರಿದ ಎಂಜಿನಿಯರ್ ಎಂಬ ಹೆಸರು ಬೇಡ.

10. ‘ಬೋರ್ಡ್ ಇಲ್ಲ’ ಎಂಬ ನೆಪ ಇವತ್ತೇ ಬಿಡಿ

ಬೋರ್ಡಿಗೆ ದುಡ್ಡಿಲ್ಲ, ಲ್ಯಾಬಿನಲ್ಲಿ ಸಿಗುವುದಿಲ್ಲ, ನಮ್ಮ ಕಡೆ ಇವೆಲ್ಲ ಎಲ್ಲಿ: ಇವು ಅಭ್ಯಾಸದ ಮಾತು. ಅಭ್ಯಾಸ ಬದಲಿಸಬಹುದು. ಕ್ಯೂಎಮ್ಯು ಎಮ್ಯುಲೇಟರ್ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ.

ಹೀಗೆ ಮಾಡಿ. ರಿಸ್ಕ್-ಫೈವ್ 64 ಬಿಟ್‌ನ ಕ್ಯೂಎಮ್ಯು ಹಾಕಿಕೊಳ್ಳಿ. ಮಶೀನ್ ‘ವರ್ಟ್’ ಎಂದು ಕೊಟ್ಟು ‘ಡಂಪ್‌ಡಿಟಿಬಿ’ ಆಯ್ಕೆ ಸೇರಿಸಿ. ಅದು ತನ್ನ ಡಿವೈಸ್ ಟ್ರೀಯನ್ನು ಕಡತವಾಗಿ ಕೊಡುತ್ತದೆ. ‘ಡಿಟಿಸಿ’ ಟೂಲ್‌ನಿಂದ ಓದುವ ಹಾಗೆ ಬಿಚ್ಚಿ.

ಹೆಕ್ಸ್ 100000 ವಿಳಾಸದ ‘ಟೆಸ್ಟ್’ ಎಂಬ ನೋಡ್ ಹುಡುಕಿ. ಅದರ ಕಂಪ್ಯಾಟಿಬಲ್ ಸಾಲಿನ ಕೊನೆಯಲ್ಲಿ ‘ಸಿಸ್ಕಾನ್’ ಇದೆ. ಈಗ ‘ಪವರ್‌ಆಫ್’ ಮತ್ತು ‘ರೀಬೂಟ್’ ನೋಡ್‌ಗಳನ್ನು ನೋಡಿ. ಎರಡರ ‘ರೆಗ್‌ಮ್ಯಾಪ್’ ಗುಣವೂ ಅದೇ ನೋಡಿಗೆ ಕೈ ತೋರಿಸುತ್ತದೆ. ಎರಡರ ಆಫ್‌ಸೆಟ್ಟೂ ಸೊನ್ನೆ. ಪವರ್‌ಆಫ್ ಬರೆಯುವ ಬೆಲೆ ಹೆಕ್ಸ್ 5555, ರೀಬೂಟ್ ಬರೆಯುವ ಬೆಲೆ ಹೆಕ್ಸ್ 7777. ಒಂದೇ ರಿಜಿಸ್ಟರ್, ಎರಡು ಡ್ರೈವರ್, ನಿಮ್ಮ ಪರದೆಯ ಮೇಲೆ. ಬಾದಾಮಿ ಬಿಟ್ಟ ಪ್ಯಾಸೆಂಜರ್ ಬಾಗಲಕೋಟೆ ಸೇರುವುದರೊಳಗೆ ಇಷ್ಟು ಮುಗಿಯುತ್ತದೆ.

ಮುಂದಿನ ಹೆಜ್ಜೆ: ಈ ಎರಡು ಪುಟ್ಟ ಡ್ರೈವರ್‌ಗಳ ಸೋರ್ಸ್ ತೆರೆಯಿರಿ. ಚಿಕ್ಕ ಕಡತಗಳು. ಪ್ರತಿ ಸಾಲಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಿರಿ. ತಾಯ್ನುಡಿಯಲ್ಲಿ ವಿವರಿಸಲು ಬಂದರೆ ವಿಷಯ ನಿಮ್ಮದಾಯಿತು.

11. ಸಂಶಯ ಬಂದರೆ ಚರ್ಚೆ ಬೇಡ, ಪರೀಕ್ಷೆ ಮಾಡಿ

‘ಇದು ಸರಿಯೇನೋ’, ‘ಅದು ಮೊದಲು ಓಡುತ್ತದೇನೋ’ ಎಂದು ಗೊಣಗಬೇಡಿ. ಪ್ರತಿ ‘ಏನೋ’ಗೂ ಒಂದು ಟೂಲ್ ಇದೆ.

ಬೋರ್ಡ್ ಮೌನವಾಗಿ ನಿಂತಿತೇ? ಕರ್ನಲ್ ಕಮಾಂಡ್ ಲೈನಿಗೆ ‘ಅರ್ಲಿಕಾನ್’ ಸೇರಿಸಿ. ಮಾಮೂಲಿ ಕನ್ಸೋಲ್ ಏಳುವ ಮೊದಲಿನ ಮಾತುಗಳು ಸೀರಿಯಲ್ ಪೋರ್ಟಿನಲ್ಲಿ ಕಾಣುತ್ತವೆ.

ಯಾರು ಮೊದಲು ಓಡಿದರು? ‘ಇನಿಟ್‌ಕಾಲ್ ಡಿಬಗ್’ ಹಾಕಿ. ಪ್ರತಿ ಇನಿಟ್‌ಕಾಲ್ ಯಾವಾಗ ಶುರುವಾಯಿತು, ಏನು ಹಿಂದಿರುಗಿಸಿತು, ಎಷ್ಟು ಮೈಕ್ರೊಸೆಕೆಂಡ್ ತಗೊಂಡಿತು ಎಂದು ಸಾಲುಸಾಲಾಗಿ ಬರುತ್ತದೆ.

ಡ್ರೈವರ್ ಬರಲೇ ಇಲ್ಲವೇ? ಡಿಬಗ್ ಫೈಲ್‌ಸಿಸ್ಟಂನಲ್ಲಿ ‘ಡಿವೈಸಸ್ ಡಿಫರ್ಡ್’ ಕಡತ ತೆರೆಯಿರಿ. ಕಾಯುತ್ತಿರುವವರ ಪಟ್ಟಿ ಅಲ್ಲಿದೆ. ನಿಮ್ಮ ಡ್ರೈವರಿನಲ್ಲಿ ‘ಡೆವ್ ಎರರ್ ಪ್ರೋಬ್’ ಬಳಸಿದರೆ ಕಾಯುವ ಕಾರಣವೂ ಅಲ್ಲೇ ಕಾಣುತ್ತದೆ.

ಬಿಟ್ ಬಿದ್ದಿದೆಯೇ? ಅದೇ ಡಿಬಗ್ ಫೈಲ್‌ಸಿಸ್ಟಂನ ‘ರೆಗ್‌ಮ್ಯಾಪ್’ ಫೋಲ್ಡರಿಗೆ ಹೋಗಿ ರಿಜಿಸ್ಟರ್‌ಗಳ ಬೆಲೆ ಓದಿ. ಅಲ್ಲಿ ಸಿಸ್ಕಾನ್‌ಗಳ ಹೆಸರು ‘ಡಮ್ಮಿ’ ಎಂದು ಶುರುವಾಗುವುದನ್ನು ಗಮನಿಸಿ. ರೆಗ್‌ಮ್ಯಾಪ್ ಹುಟ್ಟುವಾಗ ಅದರ ಹಿಂದೆ ಯಾವ ಡಿವೈಸೂ ಇರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆರನೇ ಸೂತ್ರದಲ್ಲಿ ಓದಿದ್ದನ್ನು ಕಣ್ಣಾರೆ ನೋಡಿದಿರಿ.

ಸಂಶಯ ಕೆಟ್ಟದ್ದಲ್ಲ, ಅದನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗುವುದು ಕೆಟ್ಟದ್ದು. ಲಾಗ್ ತೋರಿಸಿ ಮಾತಾಡುವವನ ಮುಂದೆ ಸೀನಿಯಾರಿಟಿ ನಡೆಯುವುದಿಲ್ಲ.

12. ಚಿಕ್ಕ ಪ್ಯಾಚ್ ಕಳಿಸಿ, ಐದು ವಾಕ್ಯದಲ್ಲಿ ಉತ್ತರ ಹೇಳಲು ಕಲಿಯಿರಿ

ಲಿನಕ್ಸ್‌ನ ಹೊಸ ಆವೃತ್ತಿ ಸುಮಾರು 9–10 ವಾರಕ್ಕೊಮ್ಮೆ ಬರುತ್ತದೆ. ಅಂದರೆ ವರ್ಷಕ್ಕೆ ಐದು ಬಾರಿ ನಿಮಗೆ ಬಾಗಿಲು ತೆರೆಯುತ್ತದೆ. ಪ್ಯಾಚ್ ಕಳಿಸಲು ಬೆಂಗಳೂರಿನ ವಿಳಾಸ ಬೇಕಿಲ್ಲ. ಗಿಟ್ ಮತ್ತು ಇಮೇಲ್ ಸಾಕು, ನವನಗರದ ಬಾಡಿಗೆ ರೂಮಿನಿಂದಲೂ ನಡೆಯುತ್ತದೆ. ಡಿವೈಸ್ ಟ್ರೀ ದಾಖಲೆಯ ತಪ್ಪೊಂದನ್ನು ತಿದ್ದಿ, ಅಥವಾ ಹಳೆಯ ಡ್ರೈವರೊಂದಕ್ಕೆ ‘ಡೆವ್ ಎರರ್ ಪ್ರೋಬ್’ ಹಾಕಿ. ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿ, ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ಹೇಳಿದವರಿಗೆ ಕಳಿಸಿ. ಬದಲಾವಣೆ ಏನು ಎಂಬುದಕ್ಕಿಂತ ಯಾಕೆ ಎಂಬುದನ್ನು ಮೊದಲು ಬರೆಯಿರಿ. ಇಂಗ್ಲಿಷ್ ಸೊಗಸಾಗಿರಬೇಕಿಲ್ಲ, ಸ್ಪಷ್ಟವಾಗಿದ್ದರೆ ಸಾಕು. ‘ಇದನ್ನು ಬದಲಿಸಿ’ ಎಂದು ಉತ್ತರ ಬಂದರೆ ಕುಗ್ಗಬೇಡಿ. ಬದಲಿಸಿ ‘ವಿ2’ ಕಳಿಸಿ. ನಿಮ್ಮ ಕೋಡನ್ನು ಅಷ್ಟು ಅನುಭವಿಗಳು ಪುಕ್ಕಟೆಯಾಗಿ ಓದುವ ಕ್ಲಾಸ್ ಬೇರೆಲ್ಲೂ ಸಿಗದು.

ಇಂಟರ್‌ವ್ಯೂನಲ್ಲಿ ‘ಎರಡು ಡ್ರೈವರಿಗೆ ಒಂದೇ ರಿಜಿಸ್ಟರ್ ಬೇಕಾದರೆ ಏನು ಮಾಡುತ್ತೀರಿ?’ ಎಂದು ಕೇಳಿದರೆ ಉತ್ತರ ಹೀಗಿರಲಿ. ಮೊದಲು ಒಡೆಯ ಯಾರು ಎಂದು ತೀರ್ಮಾನಿಸುತ್ತೇನೆ. ಒಬ್ಬ ಒಡೆಯ ಇಲ್ಲದಿದ್ದರೆ ಅದನ್ನು ಸಿಸ್ಕಾನ್ ಮಾಡಿ ಎಲ್ಲರಿಗೂ ಒಂದೇ ರೆಗ್‌ಮ್ಯಾಪ್ ಕೊಡುತ್ತೇನೆ. ಪ್ರತಿ ಡ್ರೈವರ್ ತನ್ನ ಮಾಸ್ಕಿನ ಬಿಟ್ ಮಾತ್ರ ಬದಲಿಸುವ ಹಾಗೆ ನೋಡಿಕೊಳ್ಳುತ್ತೇನೆ. ಡ್ರೈವರ್ ಮಾಡೆಲ್ ಏಳುವ ಮೊದಲೇ ಬೇಕಾದರೆ ಡಿವೈಸ್ ಟ್ರೀ ನೋಡಿನಿಂದ ನೇರವಾಗಿ ರೆಗ್‌ಮ್ಯಾಪ್ ಪಡೆಯುತ್ತೇನೆ, ಆ ಹಂತದ ಕೆಲಸ ಆದಷ್ಟು ಚಿಕ್ಕದಾಗಿಡುತ್ತೇನೆ. ಎಎಂ335ಎಕ್ಸ್‌ನ ಹೆಕ್ಸ್ 650ರ ಉದಾಹರಣೆ ವೈಟ್‌ಬೋರ್ಡಿನ ಮೇಲೆ ಬರೆದು ತೋರಿಸಲೇ?

ಐದನೆಯ ವಾಕ್ಯ ಹೇಳುತ್ತಲೇ ಮಾರ್ಕರ್ ಕೈಗೆ ತೆಗೆದುಕೊಳ್ಳಿ.

ಈ ವಾರದ ಕೆಲಸ

ಸೋಮವಾರ ಕಂಟ್ರೋಲ್ ಮಾಡ್ಯೂಲ್ ಅಧ್ಯಾಯ ಓದಿ. ಮಂಗಳವಾರ ಸಿಸ್ಕಾನ್‌ನ ಸೋರ್ಸ್ ಕಡತ ಪೂರ್ತಿ ಓದಿ. ಅದು ಒಂದೇ ಕಡತ, ಒಮ್ಮೆ ಕುಳಿತರೆ ಮುಗಿಯುತ್ತದೆ. ಬುಧವಾರ ಸ್ಟಾರ್ಟ್ ಕರ್ನಲ್ ಕ್ರಮವನ್ನು ನೋಡದೆ ಬರೆಯಿರಿ. ಗುರುವಾರ ಕ್ಯೂಎಮ್ಯು ಡಿವೈಸ್ ಟ್ರೀ ಬಿಚ್ಚಿ. ಶುಕ್ರವಾರ ಇನಿಟ್‌ಕಾಲ್ ಡಿಬಗ್ ಹಾಕಿ ಒಂದು ಬೂಟ್ ಲಾಗ್ ಉಳಿಸಿಕೊಳ್ಳಿ. ಶನಿವಾರ ಗೆಳೆಯನೊಬ್ಬನನ್ನು ಕೂರಿಸಿ ರೇಸ್ ಹೇಗಾಗುತ್ತದೆ ಎಂದು ಕನ್ನಡದಲ್ಲೇ ವಿವರಿಸಿ. ಅವನು ಎಲ್ಲಿ ತಡೆದು ಕೇಳುತ್ತಾನೋ ಅಲ್ಲಿ ನೀವು ಇನ್ನೂ ಕಲಿಯುವುದಿದೆ. ಭಾನುವಾರ ಆ ಜಾಗವನ್ನೇ ಮತ್ತೆ ಓದಿ, ಮುಂದಿನ ವಾರದ ಮೊದಲ ಪ್ಯಾಚಿಗೆ ಕಡತ ಆರಿಸಿಕೊಳ್ಳಿ.